ಸೀಟಿನ ಬೋಲ್ಟಿಗೆ ಕಟ್ಟಿದ ತಂತಿ

"ಗುರುಗಳೇ, ಮಾಡಿದವನ ಹೆಸರೇ ಅಳಿದುಹೋದ ಮೇಲೆ ಅವನು ಮಾಡಿದ್ದಕ್ಕೆ ಏನರ್ಥ?" ಎಂದು ಮರುಳಯ್ಯ ಕೇಳಿದನು. ಮಠದ ನಿಘಂಟಿಗಾಗಿ ಅವನು ಹನ್ನೆರಡು ವರ್ಷ ಪದಗಳನ್ನು ಹೆಕ್ಕಿದ್ದನು. ಅಚ್ಚಾಗಿ ಬಂದ ಪುಸ್ತಕದಲ್ಲಿ ಅವನ ಹೆಸರು ಮಾತ್ರ ಇರಲಿಲ್ಲ.

ಗುರುಗಳು ಪುಸ್ತಕವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ಕಾರು ಓಟಗಾರನಿದ್ದನು. ಗುಜರಿಯಿಂದ ಬಿಡಿಭಾಗ ತಂದು ತಾನೇ ಕಾರು ಕಟ್ಟುವನು, ತಾನೇ ಓಡಿಸುವನು, ಗೆಲ್ಲುವವನೂ ತಾನೇ. ಆ ಕಾಲದಲ್ಲಿ ಅವನ ಕೈಗೆ ಸಾಟಿ ಇರಲಿಲ್ಲ. ಆಮೇಲೆ ಹೊಸ ಕಂಪನಿಗಳು ಬಂದವು, ಹೊಸ ಕಾರುಗಳು ಬಂದವು. ಪಂದ್ಯದ ಮೈದಾನದಲ್ಲಿ ಗೆದ್ದವರ ಹೆಸರಿನ ಹಲಗೆ ಹಾಕಿದರು. ಅದರಲ್ಲಿ ಇವನ ಹೆಸರಿಲ್ಲ. ಕೇಳಲು ಹೋದರೆ, "ಅಷ್ಟು ಹಿಂದಿನ ದಾಖಲೆ ನಮ್ಮಲ್ಲಿಲ್ಲ ಯಜಮಾನ್ರೇ" ಎಂದು ಚಹಾ ಕುಡಿಸಿ ಕಳಿಸಿದರು. ಅಂದಿನಿಂದ ಮುದುಕನಿಗೆ ಹೊಟ್ಟೆಯುರಿ. ತಾನು ಬದುಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದು ಊಟಕ್ಕೆ ಕುಳಿತಾಗಲೂ ಅದನ್ನೇ ಹೇಳುವನು.

ಅವನ ಮೊಮ್ಮಗಳಿಗೂ ಓಟದ ಹುಚ್ಚು ಹಿಡಿಯಿತು. ಯಾರೋ ಕಟ್ಟಿದ ಕಾರಿನಲ್ಲಿ ಕೂರಬೇಡವೆಂದು ಮುದುಕ ಬೇಡಿಕೊಂಡನು. ಅವಳು ಕೇಳಲಿಲ್ಲ. ಕೇಳುವ ರಕ್ತವೂ ಅಲ್ಲ ಅದು.

ಪಂದ್ಯದ ದಿನ ಅವನು ಬೇಲಿಯ ಬಳಿ ನಿಂತಿದ್ದನು. ಏಳನೆಯ ಸುತ್ತಿನಲ್ಲಿ ಅವಳ ಕಾರು ತಿರುವಿನಲ್ಲಿ ಜಾರಿ ಮೂರು ಸಲ ಮಗುಚಿತು. ಮುದುಕನ ಜೀವ ಬಾಯಿಗೆ ಬಂದಿತು. ಬೇಲಿಯನ್ನು ಹೇಗೆ ದಾಟಿದನೋ ಅವನಿಗೇ ತಿಳಿಯದು. ಹೋಗಿ ನೋಡಿದರೆ ಕಾರು ನಜ್ಜುಗುಜ್ಜಾಗಿದೆ. ಮೊಮ್ಮಗಳು ಸೀಟಿನಲ್ಲಿ ಕುಳಿತ ಹಾಗೆಯೇ ಕುಳಿತಿದ್ದಾಳೆ. ಹೆಲ್ಮೆಟ್ ತೆಗೆದು, "ತಾತಾ, ನೀರು" ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅವಳನ್ನು ಇಳಿಸಿದ ಮೇಲೆ ಅವನು ಒಳಗೆ ಬಗ್ಗಿ ನೋಡಿದನು. ಸೀಟಿನ ಬೋಲ್ಟು ಒಂದೂ ಕದಲಿರಲಿಲ್ಲ. ಒಂದೊಂದರ ತಲೆಗೂ ತೂತು ಕೊರೆದು, ಅದು ತಿರುಗಿ ಸಡಿಲಾಗದಂತೆ ತಂತಿ ಪೋಣಿಸಿ ಬಿಗಿದಿದ್ದರು. ಮುಂದೆ ಬಿಚ್ಚುವವನ ಕೈಗೆ ಚುಚ್ಚದಂತೆ ತಂತಿಯ ತುದಿಯನ್ನು ಒಳಕ್ಕೆ ಮಡಚಿದ್ದರು. ಅವನ ಕಾಲದಲ್ಲಿ ಎಲ್ಲರೂ ಎಂಜಿನ್ನಿಗಷ್ಟೇ ತಂತಿ ಕಟ್ಟುತ್ತಿದ್ದರು. ಸೀಟಿಗೂ ಹೀಗೆ ಕಟ್ಟುತ್ತಿದ್ದವನು ಇವನೊಬ್ಬನೇ. "ಸೀಟೇನು ಎದ್ದು ಓಡಿಹೋಗುತ್ತಾ?" ಎಂದು ಆಗ ನಗದವರೇ ಇರಲಿಲ್ಲ.

ಮುದುಕ ಕೈ ಚಾಚಿದ್ದನ್ನು ಕಂಡು, ಓಡಿಬಂದಿದ್ದ ಆ ಕಾರಿನ ಮೆಕ್ಯಾನಿಕ್ ಕೂಗಿದನು. "ತಾತ, ಮುಟ್ಬೇಡಿ, ತಂತಿ ಕುಯ್ಯುತ್ತೆ!"

"ಇದು ಕುಯ್ಯಲ್ಲಪ್ಪ. ಹೀಗೆ ಕಟ್ಟೋದನ್ನ ನಿಂಗೆ ಯಾರು ಹೇಳ್ಕೊಟ್ರು?"

"ನಮ್ಮ ಮೇಸ್ತ್ರಿ. ಅವರಿಗೆ ಅವರ ಮೇಸ್ತ್ರಿ. ಇದನ್ನೇನ್ ಕೇಳ್ತೀರ, ಮೊದಲಿಂದ್ಲೂ ಎಲ್ರೂ ಕಟ್ಟೋದೇ ಹೀಗೆ."

ಮುದುಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟನು. ಎಷ್ಟೋ ವರ್ಷಗಳ ಉರಿ ಆರಿ, ನಗುವೂ ಅಳುವೂ ಒಟ್ಟಿಗೇ ಬಂದವು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. "ಆಗಲಾದರೂ ಅವನು ತನ್ನ ಹೆಸರು ಹೇಳಿದನೇ?"

"ಮೊಮ್ಮಗಳು ಬದುಕಿದ್ದಳಲ್ಲ ಮರುಳಯ್ಯ, ಹೇಳುವುದು ಅವನಿಗೆ ಮರೆತೇಹೋಯಿತು."