ಮಲ್ಲಿಗೆ ಕಟ್ಟಿಸಿಕೊಂಡ ರಾಣಿ

ಚೆಲುವವ್ವನ ಆಶ್ರಮ ಹೊಳೆಯ ದಡದಲ್ಲಿತ್ತು. ಇದ್ದ ಶಿಷ್ಯ ಒಬ್ಬನೇ, ಭರಮ.

ಒಂದು ಬೆಳಿಗ್ಗೆ ಭರಮ ಪಾತ್ರೆ ತೊಳೆಯಲು ಹೋದಾಗ ದಡದಲ್ಲಿ ಪಲ್ಲಕ್ಕಿ ಇಳಿದಿತ್ತು. ಬೋವಿಗಳು ದೂರದ ಮರದಡಿ ಕುಳಿತಿದ್ದರು. ಒಬ್ಬ ಎಳೆಯ ಹೆಂಗಸು ಚೀರುವ ಮಗುವನ್ನು ಎತ್ತಿಕೊಂಡು ಅತ್ತಿತ್ತ ನಡೆಯುತ್ತಿದ್ದಳು.

"ಯಾರಮ್ಮ ನೀವು?"

"ಈ ಸೀಮೆಯ ರಾಣಿ," ಎಂದಳು ಅವಳು, ತನಗೇ ನಂಬಿಕೆ ಇಲ್ಲದವಳ ಹಾಗೆ.

ಭರಮನ ಕೈತುಂಬ ಬೂದಿ. ಕೈಮುಗಿಯಬೇಕೋ, ಕೈ ಬಚ್ಚಿಡಬೇಕೋ ತಿಳಿಯಲಿಲ್ಲ. ಪಾತ್ರೆಗಳನ್ನು ಅಲ್ಲೇ ಬಿಟ್ಟು ಓಡಿದ.

"ಅವ್ವ, ರಾಣಿ ಬಂದಿದ್ದಾರೆ! ನಿಂಬೆಹಣ್ಣು ಎಲ್ಲಿದೆ?"

"ನಿಂಬೆಹಣ್ಣು ಯಾಕೋ?"

"ಅರಸು ಮನೆತನದವರನ್ನು ಬರಿಗೈಲಿ ಕಾಣಬಾರದಲ್ಲ."

"ಅಲ್ಲಿ ಮಗು ಅಳುತ್ತಿದೆ."

"ಅದೂ ಅರಸು ಮನೆತನದ್ದೇ. ಹಾಗಾದರೆ ಎರಡು ಬೇಕು."

ಅವ್ವ ಅವನ ಮುಖ ನೋಡಿದಳು. ದಡಕ್ಕೆ ನಡೆದಳು.

ಭರಮ ಮುಳ್ಳು ಚುಚ್ಚಿಸಿಕೊಂಡು ಎರಡು ಕಾಯಿ ಕಿತ್ತು ತರುವಷ್ಟರಲ್ಲಿ ಮಗುವಿನ ದನಿ ಒಡೆದಿತ್ತು.

"ಯಾವಾಗ ಹಾಲು ಕುಡಿದದ್ದು?" ಎಂದು ಅವ್ವ ಕೇಳುತ್ತಿದ್ದಳು.

"ಬೆಳಕು ಹರಿಯುವ ಮೊದಲು. ತವರಿನಿಂದ ಅರಮನೆಗೆ ಹೊರಟಿದ್ದೆವು, ತಾಯಿ. ನಾವು ಮೊದಲು ಹೊಳೆ ದಾಟಿದೆವು. ಅಷ್ಟರಲ್ಲಿ ನೀರು ಏರಿತು. ಹಾಲೂಡುವ ದಾದಿ ಆಚೆ ದಡದಲ್ಲೇ ಉಳಿದಳು."

"ನಿನಗೇನಾಗಿದೆ?"

ರಾಣಿ ತಲೆ ತಗ್ಗಿಸಿದಳು. "ತವರಲ್ಲಿ ನಲವತ್ತು ದಿನ ನಾನೇ ಕುಡಿಸಿದೆ. ಅರಮನೆಯಲ್ಲಿ ರಾಣಿಯರು ಕುಡಿಸುವ ಪದ್ಧತಿ ಇಲ್ಲವಂತೆ. ಹಾಲು ಬತ್ತಲಿ ಎಂದು ನಿನ್ನೆ ಎದೆಗೆ ಮಲ್ಲಿಗೆ ಹೂ ಕಟ್ಟಿಸಿದರು."

ಗಮಗಮ ಎನ್ನುತ್ತಿದ್ದದ್ದು ಅದೇ ಎಂದು ಭರಮನಿಗೆ ಆಗ ತಿಳಿಯಿತು. ತಿಳಿದ ಮೇಲೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೊಳೆ ನೋಡಿದ.

"ಅವ್ವ, ನಮ್ಮ ಹಸುವಿನ ಹಾಲು ಕರೆದು ತರಲೇ?"

"ಹಸು ತನ್ನ ಕರುವಿಗೆ ತಾನೇ ಕುಡಿಸುತ್ತದೆ, ಭರಮ. ಪಾಪ, ಅದಕ್ಕೆ ಅರಮನೆ ಇಲ್ಲ."

ರಾಣಿ ತಟ್ಟನೆ ತಲೆಯೆತ್ತಿದಳು.

"ಅರಮನೆಯವರಿಗೆ ಗೊತ್ತಾದರೆ ಮಗುವನ್ನು ಇನ್ನು ನನ್ನ ಕೈಗೇ ಕೊಡುವುದಿಲ್ಲ, ತಾಯಿ."

"ಈಗ ಯಾರ ಕೈಯಲ್ಲಿದೆ?"

ರಾಣಿ ಮಗುವನ್ನು ನೋಡಿದಳು. ಆಶ್ರಮದ ಗುಡಿಸಲಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಡಿದ ಮಲ್ಲಿಗೆಯ ಉಂಡೆಯೊಂದು ಬಾಗಿಲಾಚೆ ಬಂದು ಬಿತ್ತು. ಅಳು ನಿಂತಿತು.

ಭರಮ ಇನ್ನೂ ನಿಂಬೆಕಾಯಿ ಹಿಡಿದೇ ನಿಂತಿದ್ದ.

ಮಧ್ಯಾಹ್ನ ನೀರು ಇಳಿಯಿತು. ದೋಣಿಯಲ್ಲಿ ದಾದಿ ಬಂದಳು. ಜೊತೆಗೆ ಅರಮನೆಯ ಅಧಿಕಾರಿ, ಪೇಟ ಒದ್ದೆ.

ಮಗು ರಾಣಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅಧಿಕಾರಿ ಹುಬ್ಬು ಗಂಟಿಕ್ಕಿದ.

"ಇದಕ್ಕೆ ಹಾಲು ಕೊಟ್ಟವರು ಯಾರು?"

ಅವನು ಕೇಳಿದ್ದು ಭರಮನನ್ನು. ಆಶ್ರಮದಲ್ಲಿ ಸುಳ್ಳು ಹೇಳುವಂತಿಲ್ಲ. ನಿಜ ಹೇಳಿದರೆ ಮಗು ತಾಯಿಯ ಕೈ ತಪ್ಪುತ್ತದೆ. ಭರಮ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನಾನು," ಎಂದಳು ರಾಣಿ.

"ಪದ್ಧತಿ ಮುರಿದಂತಾಯಿತು, ಮಹಾರಾಣಿ. ಮಗುವನ್ನು ದಾದಿಗೆ ಕೊಡಿ."

"ಪದ್ಧತಿ ಉಳಿಸಬೇಕೇನಯ್ಯ?" ಎಂದಳು ಚೆಲುವವ್ವ. "ಹಾಗಾದರೆ ಮಗುವನ್ನು ಎಬ್ಬಿಸು. ಕುಡಿದದ್ದನ್ನು ವಾಪಸು ಕೇಳು."

ಬೋವಿಗಳಲ್ಲಿ ಯಾರೋ ಕಿಸಕ್ಕೆಂದ. ಅಧಿಕಾರಿ ಅತ್ತ ತಿರುಗುವಷ್ಟರಲ್ಲಿ ರಾಣಿ ಮಗುವಿನೊಡನೆ ಪಲ್ಲಕ್ಕಿ ಹತ್ತಿ ಕುಳಿತಿದ್ದಳು.

"ಇನ್ನು ಮುಂದೆಯೂ ನಾನೇ ಕುಡಿಸುತ್ತೇನೆ. ಅದನ್ನು ಅರಸರಿಗೆ ನಾನೇ ಹೇಳುತ್ತೇನೆ," ಎಂದಳು. "ಎತ್ತಿ."

ಪಲ್ಲಕ್ಕಿ ಹೊರಟಿತು. ದಾದಿ ಹಿಂದೆ ಬರಿಗೈ ಬೀಸಿಕೊಂಡು ನಡೆದಳು.

ಭರಮ ಬಹಳ ಹೊತ್ತು ಆ ದಾರಿಯನ್ನೇ ನೋಡುತ್ತ ನಿಂತ. ಆಮೇಲೆ ಅವನಿಗೆ ಕೋಪ ಬಂತು.

"ಅವ್ವ, ಧರ್ಮ ಯಾವುದು ಎಂದು ಹನ್ನೆರಡು ವರ್ಷದಿಂದ ಕೇಳುತ್ತಿದ್ದೇನೆ. ಒಂದು ದಿನವೂ ನೀವು ಉತ್ತರ ಕೊಡಲಿಲ್ಲ. ಅವರು ಅರ್ಧ ದಿನ ಇದ್ದರು. ಅವರಿಗೆ ಕೊಟ್ಟಿರಿ. ರಾಣಿ ಎಂದೇ?"

"ಅವಳೆಲ್ಲಿ ಕೇಳಿದಳೋ?" ಎಂದಳು ಚೆಲುವವ್ವ. "ಮಗು ಅತ್ತಿತು."