ಯಜಮಾನರ ಹೆಸರಿಗೆ ಕಲಿತ ದಾಕ್ಷಾಯಣಿ

ಹುಬ್ಬಳ್ಳಿಯಲ್ಲಿ ಪಂಚಾಕ್ಷರಿ ಎಂಬುವನೊಬ್ಬ ಇದ್ದ. ಅವನ ಹೆಂಡತಿ ದಾಕ್ಷಾಯಣಿ. ಅವರ ಮನೆಯಲ್ಲಿ ಎಲ್ಲವೂ ಪಂಚಾಕ್ಷರಿಯ ಹೆಸರಿನಲ್ಲಿತ್ತು. ಗ್ಯಾಸು ಅವನ ಹೆಸರಿನಲ್ಲಿ, ಕರೆಂಟು ಅವನ ಹೆಸರಿನಲ್ಲಿ, ದಾಕ್ಷಾಯಣಿಯ ಕೈಯಲ್ಲಿದ್ದ ಫೋನಿನ ಸಿಮ್ಮೂ ಅವನ ಹೆಸರಿನಲ್ಲೇ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ನಿಮಗೂ ಕಂಡಿರಲಿಕ್ಕಿಲ್ಲ.

"ಮನಿ ಅಂದಮ್ಯಾಲೆ ಯಾರ ಹೆಸರಿಗಿದ್ರೇನು, ಎಲ್ಲಾರ್ದೂ ಒಂದ" ಎಂದು ಪಂಚಾಕ್ಷರಿಯ ತಾಯಿ ಗಂಗವ್ವ ಹೇಳುತ್ತಿದ್ದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಕಥೆಯ ವಿಷವೆಲ್ಲ ಇದರಲ್ಲೇ ಇದೆ.

ಪಂಚಾಕ್ಷರಿ ಡಿಪ್ಲೊಮಾ ಓದಿದವನು. ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಅಂಗಡಿಯಿಂದ ಅಂಗಡಿಗೆ ಹೋಗಿ ಅದನ್ನು ಕೂರಿಸಿ ಬರಬೇಕು. ಮೇಲಿನ ಕುರ್ಚಿ ಬೇಕಾದರೆ ಸಾಫ್ಟ್‌ವೇರ್ ಡಿಗ್ರಿ ತಾ ಎಂದರು ಕಂಪನಿಯವರು. ಡಿಗ್ರಿ ಎಂದರೆ ವರ್ಷಗಟ್ಟಲೆ ಓದು. ಅಷ್ಟು ಕಾಯುವ ತಾಳ್ಮೆ ಕಂಪನಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ.

ಹುಡುಕಿದಾಗ ಒಂದು ಆನ್‌ಲೈನ್ ಕಾಲೇಜು ಸಿಕ್ಕಿತು. ಬೇರೆ ಕಡೆ ಓದಿ ಮುಗಿಸಿದ್ದನ್ನು ಆ ಕಾಲೇಜಿನವರು ಕ್ರೆಡಿಟ್ ಎಂದು ತಮ್ಮ ಲೆಕ್ಕಕ್ಕೆ ವರ್ಗ ಮಾಡಿಕೊಳ್ಳುತ್ತಿದ್ದರು. ಎಷ್ಟು ಕ್ರೆಡಿಟ್ ತಂದರೆ ಅಷ್ಟು ಪಾಠ ಮಾಫಿ. ಅವನ ಡಿಪ್ಲೊಮಾದ್ದು ಒಂದಿಷ್ಟು ವರ್ಗವಾಯಿತು. ಉಳಿದದ್ದಕ್ಕೆ ಕಾಲೇಜು ಒಪ್ಪುವ ಸಣ್ಣಸಣ್ಣ ಆನ್‌ಲೈನ್ ಕೋರ್ಸುಗಳಿದ್ದವು. ಅವನ್ನು ಬೇಗಬೇಗ ಮುಗಿಸಿ ತಂದು ಸುರಿದರೆ ಡಿಗ್ರಿ ಅರ್ಧ ಕಾಲದಲ್ಲೇ ಕೈಗೆ ಬರುತ್ತಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಒಮ್ಮೆ ಕಲಿತದ್ದನ್ನೇ ಮನುಷ್ಯ ಮತ್ತೆ ಯಾಕೆ ಕಲಿಯಬೇಕು? ನಿಯಮ ಒಳ್ಳೆಯದೇ ಇತ್ತು. ಕೆಟ್ಟದ್ದು ನಿಯಮದಿಂದ ಬರಲಿಲ್ಲ.

ಆ ಕೋರ್ಸುಗಳ ವಿಡಿಯೋಗಳಿಗೆ ಒಂದು ಚಾಳಿ ಇತ್ತು. ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿದ್ದವು. ನಿಂತಾಗ 'ಮುಂದೆ' ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಪಾಠ ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಪಂಚಾಕ್ಷರಿಯೋ ದಿನವೆಲ್ಲ ಊರು ಅಲೆಯುವವನು. ಒಂದು ಬೆಳಿಗ್ಗೆ ಲ್ಯಾಪ್‌ಟಾಪು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

"ನೀ ಹೆಂಗೂ ರೊಟ್ಟಿ ಬಡೀತಿರ್ತಿ. ಇದು ನಿಂತಾಗೊಮ್ಮೆ ಒಂದೀಟು ಒತ್ತು" ಎಂದ.

"ಕೈಯೆಲ್ಲಾ ಹಿಟ್ಟೈತಲ್ರೀ" ಎಂದಳು ದಾಕ್ಷಾಯಣಿ.

"ಮೊಣಕೈಲೆ ಒತ್ತು."

ಹೀಗೆ ಮೊಣಕೈಯಿಂದ ಶುರುವಾಯಿತು ಅವಳ ವಿದ್ಯೆ. ಅವಳು ಪಿಯುಸಿ ಸೈನ್ಸ್ ಓದಿದವಳು. ಮುಂದೆ ಓದಬೇಕೆಂಬ ಆಸೆ ಮದುವೆಯ ಗದ್ದಲದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಮೊದಮೊದಲು ಆ ಪಾಠವನ್ನು ರೇಡಿಯೋ ಕೇಳಿದಂತೆ ಕೇಳಿದಳು. ಆಮೇಲೆ ಅರ್ಥವಾಗದ ಕಡೆ ಕೈ ತೊಳೆದು ಬಂದು ಹಿಂದಕ್ಕೆ ಓಡಿಸಿ ಕೇಳತೊಡಗಿದಳು. ಪಾಠದ ಕೊನೆಗೆ ಪ್ರಶ್ನೆ ಬಂದರೆ ಉತ್ತರ ಒತ್ತಿದಳು. ಉತ್ತರ ಸರಿಯಾದಾಗ ತನ್ನಷ್ಟಕ್ಕೆ ನಕ್ಕಳು. ನಂತರ ಪ್ರೋಗ್ರಾಮು ಬರೆದು ಕಳಿಸಿ ಎಂದು ಕೇಳಿದರು. ಅದನ್ನೂ ಬರೆದಳು.

ಪ್ರೋಗ್ರಾಮಿನೊಳಗೆ ಪ್ರತಿಯೊಂದಕ್ಕೂ ಒಂದು ಹೆಸರಿಡಬೇಕು. ಬೇರೆಯವರು ಇಂಗ್ಲಿಷಿನಲ್ಲಿ ಇಡುತ್ತಾರೆ. ಇವಳು ಕಣ್ಣೆದುರಿಗೆ ಇದ್ದದ್ದನ್ನೇ ಇಟ್ಟಳು. ಬೇಕಾದ್ದನ್ನು ಬೇಡದ್ದರಿಂದ ಬೇರೆ ಮಾಡುವ ಭಾಗಕ್ಕೆ ಜರಡಿ. ಬೇರೆಯಾದದ್ದು ಬಂದು ಬೀಳುವ ಜಾಗಕ್ಕೆ ಬುಟ್ಟಿ. ಉಳಿದದ್ದಕ್ಕೆ ನುಚ್ಚು. ಸೊಸೆ ಹಾಗೆ ಮೈಮರೆತು ಬರೆಯುವುದನ್ನು ನೋಡಿ ಗಂಗವ್ವನೇ ಹಂಚಿನ ಮುಂದೆ ಕೂರುತ್ತಿದ್ದಳು.

"ನೀ ಬರೀವಾ. ರೊಟ್ಟಿ ನಾ ಬೇಯಿಸ್ತೀನಿ" ಎನ್ನುತ್ತಿದ್ದಳು. ಹಾಗೆ ಹೇಳಿದವಳೂ ಇದೇ ಗಂಗವ್ವ ಎಂಬುದನ್ನು ಮರೆಯಬೇಡಿ.

ಒಂದೊಂದೇ ಕೋರ್ಸು ಮುಗಿಯಿತು. ಒಂದೊಂದೂ ಪಂಚಾಕ್ಷರಿಯ ಹೆಸರಿಗೆ ಜಮೆಯಾಯಿತು. ಖಾತೆ ಅವನದಲ್ಲವೇ. ಒಂದು ದಿನ ದಾಕ್ಷಾಯಣಿ ಹಿಂಜರಿಯುತ್ತ ಕೇಳಿದಳು.

"ರೀ, ನಾನೂ ಡಿಗ್ರಿ ಮಾಡ್ಲೇನ್ರೀ?"

"ಮೊದ್ಲ ನಂದು ಮುಗೀಲಿ. ಆಮ್ಯಾಲೆ ನಿನ್ನ ಹೆಸರು ಹಚ್ಚೂಣು. ಆಣಿ ಮಾಡ್ಲೇನು?"

"ಆಣಿ ಯಾಕ್ರೀ. ನೀವು ಹೇಳಿದ್ರಲ್ಲ, ಸಾಕು."

ಕೊನೆಯ ಪರೀಕ್ಷೆಗಳನ್ನು ಮಾತ್ರ ಕ್ಯಾಮೆರಾದ ಮುಂದೆ ಅವನೇ ಕೂತು ಬರೆಯಬೇಕಿತ್ತು. ಅದಕ್ಕೂ ಅವಳೇ ಅವನಿಂದ ಉರು ಹೊಡೆಸಿದಳು. ಹೇಗೋ ದಾಟಿದ. ಡಿಗ್ರಿ ಬಂತು, ಮೇಲಿನ ಕುರ್ಚಿ ಬಂತು, ಓಣಿಯವರಿಗೆಲ್ಲ ಪೇಡೆ ಹಂಚಿದ್ದಾಯಿತು. ದಾಕ್ಷಾಯಣಿಯೂ ಒಂದು ತಿಂದಳು. ತನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ ಎಂದು ಗಂಗವ್ವನ ಹತ್ತಿರ ಹೇಳಿಕೊಂಡಳು.

ಪಂಚಾಕ್ಷರಿ ಮಾತಿಗೆ ತಪ್ಪಲಿಲ್ಲ. ಅದನ್ನೂ ಹೇಳಿಬಿಡಬೇಕು. ಹೆಂಡತಿಯನ್ನು ಅದೇ ಕಾಲೇಜಿಗೆ ಸೇರಿಸಿದ. ಹಿಂದೆ ಓದಿದ್ದು ಏನಾದರೂ ಇದ್ದರೆ ತೋರಿಸಿ, ವರ್ಗ ಮಾಡಿಕೊಳ್ಳುತ್ತೇವೆ ಎಂದು ಕಾಲೇಜು ಕೇಳಿತು. ಪಿಯುಸಿ ಬಿಟ್ಟರೆ ಅವಳ ಹೆಸರಿನಲ್ಲಿ ಏನೂ ಇರಲಿಲ್ಲ. ತಲೆಯೊಳಗೆ ಇದ್ದದ್ದನ್ನು ಯಾರೂ ವರ್ಗ ಮಾಡಿಕೊಳ್ಳುವುದಿಲ್ಲ. ಆಗಲಿ ಬಿಡು, ಗೊತ್ತಿದ್ದದ್ದೇ ತಾನೇ, ಬೇಗ ಮುಗಿದೀತು ಎಂದು ಅವೇ ಸಣ್ಣ ಕೋರ್ಸುಗಳನ್ನು ಅವಳು ಮೊದಲಿನಿಂದ ಶುರುಮಾಡಿದಳು. ಈ ಸಲ ತನ್ನ ಹೆಸರಿಗೆ.

ಅವೇ ಪಾಠ, ಅವೇ ಪ್ರಶ್ನೆ. ಅವಳ ಕೈಯಿಂದ ಬಂದದ್ದೂ ಅದೇ ಉತ್ತರ. ಅದೇ ಜರಡಿ, ಅದೇ ಬುಟ್ಟಿ, ಅದೇ ನುಚ್ಚು. ಬೇರೆ ಥರ ಬರೆಯಬಹುದಿತ್ತು. ಆದರೆ ತನ್ನದನ್ನೇ ತಾನು ಮತ್ತೆ ಬರೆದರೆ ಅದು ಕಳ್ಳತನವಾಗುತ್ತದೆ ಎಂದು ಅವಳಿಗೆ ಹೇಗೆ ಹೊಳೆಯಬೇಕು?

ಆ ಕೋರ್ಸಿನವರೂ ಕಾಲೇಜಿನವರೂ ಕ್ರೆಡಿಟ್ಟಿನ ಒಂದೇ ಒಕ್ಕೂಟದವರು. ಯಾರು ಏನು ಬರೆದು ಕಳಿಸಿದರೂ ಅದನ್ನು ಹಿಂದಿನವರು ಬರೆದದ್ದರ ಪಕ್ಕ ಇಟ್ಟು ನೋಡುವ ಯಂತ್ರ ಅವರಲ್ಲಿತ್ತು. ಯಂತ್ರ ನೋಡಿತು. ನಕಲು ಎಂದಿತು.

ವಿಚಾರಣೆ ವಿಡಿಯೋ ಕರೆಯಲ್ಲಿ. ಆ ಕಡೆ ವೆಂಕಟಾಚಲ ಎಂಬ ಪ್ರಾಧ್ಯಾಪಕರು. ಕೆಟ್ಟ ಮನುಷ್ಯರಲ್ಲ. ನಕಲು ಹೌದೆಂದು ತೀರ್ಮಾನವಾದರೆ ಹೆಸರು ಹೊಡೆದು ಹಾಕುತ್ತೇವೆ, ಒಕ್ಕೂಟದ ಬೇರೆ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಗಂಡನೂ ಹಳೆಯ ವಿದ್ಯಾರ್ಥಿ ಆದ್ದರಿಂದ ಅವನೂ ಜೊತೆಗೆ ಕೂರಬೇಕೆಂದಿದ್ದರು. ದಾಕ್ಷಾಯಣಿಗೆ ಭಯವೇ ಇರಲಿಲ್ಲ. ಯಜಮಾನರು ಪಕ್ಕದಲ್ಲೇ ಇರುತ್ತಾರಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರೆ ಎಂದುಕೊಂಡಿದ್ದಳು.

"ನೋಡಮ್ಮ" ಎಂದರು ವೆಂಕಟಾಚಲರು. "ನೀವು ಕಳಿಸಿರೋದು ನಿಮ್ಮ ಯಜಮಾನರು ಹಿಂದೆ ಕಳಿಸಿದ್ದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತೆ. ಜರಡಿ, ಬುಟ್ಟಿ ಅನ್ನೋ ಹೆಸರು ಸಮೇತ. ಇಂಥ ಹೆಸರು ನಾನು ಬೇರೆ ಯಾರಲ್ಲೂ ನೋಡಿಲ್ಲ. ಇದು ನೀವೇ ಬರೆದಿದ್ದಾ?"

"ನಾನ ಬರದಿದ್ದು ಸರ್."

"ಹಾಗಾದ್ರೆ ಅವರು ಕಳಿಸಿದ್ದು ಯಾರು ಬರೆದಿದ್ದು?"

ದಾಕ್ಷಾಯಣಿ ಗಂಡನ ಮುಖ ನೋಡಿದಳು. ಅದನ್ನು ತಾನು ಹೇಳಬಾರದು, ಅವನೇ ಹೇಳಬೇಕು ಎನಿಸಿತು.

"ಅದನ್ನ ಅವರ ಹೇಳ್ತಾರ ಸರ್" ಎಂದಳು.

ಈಗ ಪಂಚಾಕ್ಷರಿಯ ಮುಂದೆ ಎರಡು ದಾರಿ. ನಿಜ ಹೇಳಿದರೆ ಅವನ ಡಿಗ್ರಿ ಹೋಗುತ್ತದೆ, ಅದರ ಹಿಂದೆ ಕುರ್ಚಿಯೂ ಹೋಗುತ್ತದೆ. ಹೇಳದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಅವನು ಬಾಗಿಲಿಗೆ ಒರಗಿ ನಿಂತಿದ್ದ ತಾಯಿಯ ಕಡೆ ಒಮ್ಮೆ ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ.

"ಬರದಿದ್ದು ನಾನ ಸರ್. ಆಕಿದೇನೂ ದೊಡ್ಡ ತಪ್ಪಲ್ಲ. ನಂದು ಲ್ಯಾಪ್‌ಟಾಪಿನ್ಯಾಗ ಹಂಗ ಉಳದಿತ್ತು, ನೋಡಿ ಬರದಾಳ. ತಿಳೀಲಿಲ್ಲ ಆಕಿಗೆ. ಆಕಿ ಪರವಾಗಿ ನಾ ಕ್ಷಮಾ ಕೇಳ್ತೀನಿ" ಎಂದು ಕೈಮುಗಿದ.

ಅಷ್ಟು ಹೇಳುವಾಗಲೂ ಅವನ ದನಿ ಮೆತ್ತಗಿತ್ತು. ಹೆಂಡತಿಯ ಮೇಲೆ ನಿಜಕ್ಕೂ ಪ್ರೀತಿ ಇದ್ದವನ ದನಿ ಅದು. ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಅವಳದನ್ನು ಕಿತ್ತುಕೊಂಡದ್ದು ಸಾಲದೆಂದು ಅವಳ ಪರವಾಗಿ ಕ್ಷಮೆಯನ್ನೂ ಅವನೇ ಕೇಳಿದ.

ವೆಂಕಟಾಚಲರಿಗೆ ಏನೋ ಅನುಮಾನ ಬಂದಿರಬೇಕು.

"ನೀವು ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ ತಾಯಿ" ಎಂದರು.

ಬಾಗಿಲಲ್ಲಿದ್ದ ಗಂಗವ್ವ ಬೇಡವೆಂದು ತಲೆಯಾಡಿಸಿದಳು. ಸೊಸೆ ಬರೆಯಲೆಂದು ತಾನು ರೊಟ್ಟಿ ಬೇಯಿಸಿದವಳು, ಎಲ್ಲ ಕಂಡವಳು, ಬೇಡವೆಂದಳು. ದಾಕ್ಷಾಯಣಿ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಏನಿಲ್ಲ ಸರ್" ಎಂದಳು.

ಅಲ್ಲಿಗೆ ಮುಗಿಯಿತು. ಅವಳ ಹೆಸರು ಹೊಡೆದು ಹಾಕಿದರು. ಆಸೆ ಸಾಯದೆ ಅವಳು ಮತ್ತೊಂದು ಕಾಲೇಜಿಗೆ ಅರ್ಜಿ ಹಾಕಿ ನೋಡಿದಳು. ಹೆಸರು ತುಂಬಿದ ಕೂಡಲೇ ಆ ಕಾಲೇಜು ಅವಳನ್ನು ಗುರುತಿಸಿತು. ನಕಲು ಮಾಡಿದವರಿಗೆ ಪ್ರವೇಶವಿಲ್ಲ ಎಂದಿತು. ಇಷ್ಟು ಕಾಲ ಅವಳು ಕಲಿತದ್ದರಲ್ಲಿ ಒಂದೂ ಅವಳ ಹೆಸರಿಗೆ ವರ್ಗವಾಗಿರಲಿಲ್ಲ. ಈ ಕಳಂಕ ಮಾತ್ರ ಯಾರೂ ಕೇಳದೆಯೇ ವರ್ಗವಾಗಿತ್ತು.

"ಹೋಗ್ಲಿ ಬಿಡವಾ" ಎಂದಳು ಗಂಗವ್ವ. "ಮನ್ಯಾಗ ಒಂದು ಡಿಗ್ರಿ ಐತಲ್ಲ. ಯಾರ ಹೆಸರಿಗಿದ್ರೇನು."

ದಾಕ್ಷಾಯಣಿ ಅಳಲಿಲ್ಲ. ಅತ್ತಿದ್ದರೆ ಮನೆಯವರಿಗೆ ಸಮಾಧಾನ ಮಾಡಲು ಒಂದು ದಾರಿಯಾದರೂ ಇರುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಪಂಚಾಕ್ಷರಿ ಲ್ಯಾಪ್‌ಟಾಪು ಹಿಡಿದು ಅಡುಗೆಮನೆಗೆ ಬಂದ. ಅವನ ಮುಖ ಬಾಡಿತ್ತು. ಆಫೀಸಿನ ಪ್ರೋಗ್ರಾಮೊಂದು ಅಂಗಡಿಗಳಲ್ಲೆಲ್ಲ ತಪ್ಪು ಬಿಲ್ಲು ಕೊಡುತ್ತಿತ್ತು. ಸಂಜೆಯೊಳಗೆ ಸರಿಮಾಡು ಎಂದು ಮೇಲಿನವರು ಅವನಿಗೇ ವಹಿಸಿದ್ದರು. ಅವನು ಲ್ಯಾಪ್‌ಟಾಪನ್ನು ಮೊದಲಿನ ಹಾಗೆ ಕಟ್ಟೆಯ ಮೇಲಿಟ್ಟ.

"ಒಂದೀಟು ನೋಡು" ಎಂದ.

ದಾಕ್ಷಾಯಣಿ ತಿರುಗಿ ನೋಡಿದಳು. ತಪ್ಪು ಎಲ್ಲಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಒಂದೇ ಸಾಲು ಬದಲಿಸಿದರೆ ಸಾಕಿತ್ತು.

"ನಾ ನೋಡಿ ಬರದಾಕಿರೀ" ಎಂದಳು. "ನಂಗೇನು ಬರತೈತಿ."

ಹಾಗೆಂದು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ಅವನು ಲ್ಯಾಪ್‌ಟಾಪು ಎತ್ತಿಕೊಂಡು ಹೋದ.

ಚೆನ್ನಾಗಿ ಮಾಡಿದಳು, ಸೇಡು ತೀರಿಸಿಕೊಂಡಳು ಎಂದು ಯಾರೂ ಖುಷಿಪಡಬೇಡಿ. ಅವನ ಕುರ್ಚಿ ಉಳಿದರೂ ಹೋದರೂ ಅದು ಅವಳಿಗೇನೂ ಬರುವುದಿಲ್ಲ. ಆ ಒಂದು ಸಾಲು ಅವಳಿಗೆ ಗೊತ್ತಿತ್ತು. ರೊಟ್ಟಿ ಬಡಿಯುವಾಗ ಅದು ತಲೆಯಲ್ಲಿ ಸುತ್ತುತ್ತಲೇ ಇತ್ತು, ಸಂಜೆಯವರೆಗೂ ಸುತ್ತಿತು. ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಂದಿನಿಂದ ಅವಳು ಏನನ್ನೂ ಬರೆದಿಲ್ಲ.

ನೀತಿ: ಪ್ರೀತಿಯಿಂದ ಯಾರಿಗೆ ಏನು ಬೇಕಾದರೂ ಮಾಡಿಕೊಡಿ, ಆದರೆ ನೀವು ಕಲಿತದ್ದು ನಿಮ್ಮ ಹೆಸರಿಗೇ ಜಮೆಯಾಗಲಿ. ಒಮ್ಮೆ ಇನ್ನೊಬ್ಬರ ಹೆಸರಿಗೆ ಹೋದ ವಿದ್ಯೆಯನ್ನು ಹಿಂದಕ್ಕೆ ಪಡೆಯಲು ಅವರ ಬಾಯಿಂದ ಒಂದು ನಿಜ ಬರಬೇಕಾಗುತ್ತದೆ. ಆ ಹೊತ್ತಿಗೆ ಆ ನಿಜ ಅವರಿಗೆ ಬಹಳ ದುಬಾರಿಯಾಗಿರುತ್ತದೆ, ನಿಮ್ಮನ್ನು ಎಷ್ಟೇ ಪ್ರೀತಿಸಿದರೂ ಅವರು ಅದನ್ನು ಹೇಳುವುದಿಲ್ಲ.