ಬುಗುರಿಯಾಗಿ ತಿರುಗಿದ ಪಂಪಾಪತಿಯ ಕಾರು

ಗಂಗಾವತಿಯಲ್ಲಿ ಪಂಪಾಪತಿ ಎಂಬ ಬಳೆ ವ್ಯಾಪಾರಿ ಇದ್ದ. ಕೈ ಬಳೆ ತೊಡಿಸುತ್ತಿತ್ತು, ಮನಸ್ಸು ರಿಮೋಟ್ ಕಾರು ಓಡಿಸುತ್ತಿತ್ತು. ಆ ಊರಿನ ಅಕ್ಕಿ ಮಿಲ್ಲೊಂದರಲ್ಲಿ ಭತ್ತ ಒಣಗಿಸುವ ಸಿಮೆಂಟಿನ ಕಣವಿತ್ತು. ಎಷ್ಟು ನುಣುಪೆಂದರೆ, ಇರುವೆ ಕೂಡ ಗೋಡೆ ಹಿಡಿದುಕೊಂಡೇ ದಾಟಬೇಕು. ಭತ್ತ ಹರಡದ ದಿನಗಳಲ್ಲಿ ಅಲ್ಲಿ ರಿಮೋಟ್ ಕಾರುಗಳ ಓಟ.

ಈ ಸಲ ಗೆದ್ದ ಒಂದೇ ಒಂದು ಕಾರು ಊರಿನ ಪರವಾಗಿ ಧಾರವಾಡದ ದೊಡ್ಡ ಪಂದ್ಯಕ್ಕೆ ಹೋಗಬೇಕಿತ್ತು. ಆ ಜಾಗಕ್ಕೆ ಪಂಪಾಪತಿ ಆಗಲೇ ಟವೆಲ್ ಹಾಕಿ ಕೂತಿದ್ದ. ಆದರೆ ಅವನ ಅಕ್ಕ ಹುಲಿಗೆಮ್ಮನ ಕಣ್ಣೂ ಅಲ್ಲೇ ಇತ್ತು. ಅವಳು ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟ್ ಹಿಡಿದು ನಿಂತಳೆಂದರೆ ಬೀದಿನಾಯಿಗಳೂ ದಾರಿ ಬಿಡುತ್ತಿದ್ದವು.

ಇಬ್ಬರೂ ಒಂದೇ ಬಗೆಯ ಕಿಟ್ ತರಿಸಿದರು. ಡಬ್ಬಿ ತೆರೆದರೆ ಕಾರಿಲ್ಲ! ಸಾಸಿವೆಯಂಥ ಸ್ಕ್ರೂ, ಸ್ಪ್ರಿಂಗು, ಗೇರು, ಟೈರು. ಕೂತು ಜೋಡಿಸಿದರೆ ಮಾತ್ರ ಕಾರು.

ಪಂಪಾಪತಿ ಜೋಡಿಸಿದ. ಒಂದು ಸುತ್ತೂ ಓಡಿಸಲಿಲ್ಲ. "ಡಬ್ಬಿಯಾಗ ಬಂದಿದ್ದನ್ನ ಹಂಗ ಓಡಸೋದು ಸಣ್ಣ ಹುಡುಗರ ಕೆಲಸ" ಎಂದು ದೊಡ್ಡ ಮೋಟರ್ ಹಾಕಿದ. ಗಟ್ಟಿ ಸ್ಪ್ರಿಂಗು ಹಾಕಿದ. ಅಂಟಂಟು ಟೈರು ಹಾಕಿದ. ಪ್ಲಾಸ್ಟಿಕ್ ಕಂಡಲ್ಲೆಲ್ಲ ಅಲ್ಯೂಮಿನಿಯಂ ಕೂರಿಸಿದ. ಎಲ್ಲ ಒಂದೇ ಮಧ್ಯಾಹ್ನ. ಬಳೆ ತೊಡಲು ಬಂದ ಹೆಂಗಸರಿಗೆ ಹೇಳಿದ: "ನನ್ನ ಕಾರು ಹೊಂಟ್ರ, ಅದರ ನೆಳ್ಳು ಊಟ ಮುಗಿಸಿ ಹಿಂದಿನಿಂದ ಬರತೈತಿ ನೋಡ್ರೆವ್ವಾ!"

ತಾಲೀಮಿನ ದಿನ ಬಂತು. ಕಾರು ಹೊರಟ ರಭಸಕ್ಕೆ ಮಿಲ್ಲಿನ ಪಾರಿವಾಳಗಳು ಹೊಸಪೇಟೆಗೆ ಹೋಗಿಯೇ ಇಳಿದವು. ಆದರೆ ಮೊದಲ ತಿರುವಿನಲ್ಲೇ ಕಾರಿನ ಹಿಂಭಾಗ ಮುಂಭಾಗಕ್ಕಿಂತ ಮುಂದೆ ಹೋಯಿತು. ಗಿರಗಿರ ತಿರುಗಿದ ಕಾರು ಹೊಟ್ಟಿನ ರಾಶಿಯೊಳಗೆ ನುಗ್ಗಿ ಮಾಯವಾಯಿತು.

"ಏನಲೇ ತಮ್ಮಾ, ಕಾರು ಓಡಸಾಕತ್ತೀಯೋ, ಬುಗುರಿ ಆಡಸಾಕತ್ತೀಯೋ?" ಎಂದಳು ಹುಲಿಗೆಮ್ಮ.

ಪಂಪಾಪತಿಗೆ ರೋಷ ಬಂತು. ಇನ್ನೂ ದೊಡ್ಡ ಮೋಟರ್, ಇನ್ನೂ ಗಟ್ಟಿ ಸ್ಪ್ರಿಂಗು ಹಾಕಿದ. ಕಾರು ಇನ್ನೂ ಚೆನ್ನಾಗಿ ತಿರುಗಿತು. ಕಡೆಗೆ ಅಕ್ಕನ ಮನೆಗೆ ಹೋದ. ಅವಳು ಬಡಿಸಿದ ರೊಟ್ಟಿ ತಿಂದು ಮುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ:

"ಅಕ್ಕಾ, ನನ್ನ ಕಾರು ಯಾಕ ತಿರಗತೈತಿ?"

"ನಾ ಯಾಕ ಹೇಳ್ಲಿ? ಧಾರವಾಡಕ್ಕ ನಾನೂ ಹೋಗಬೇಕು. ನಿನ್ನ ಕಾರನ್ನ ಕೇಳು."

"ಅದಕ್ಕೇನು ಬಾಯಿ ಐತೇನ?"

"ಐತಿ. ನೀ ಒಮ್ಮೆಗೇ ಹತ್ತು ಪ್ರಶ್ನೆ ಕೇಳೀದಿ. ಪಾಪ, ಅದು ಯಾವುದಕ್ಕಂತ ಉತ್ತರ ಹೇಳಬೇಕು? ಒಂದ ಕೇಳು. ಸುಮ್ನ ನಿಂತು ಕೇಳಿಸ್ಕೊ."

ಊರಿಗೆಲ್ಲ ತೋರಿಸಿ ಹೊಗಳಿಕೊಂಡ ಸಾಮಾನು. ಅದನ್ನು ಬಿಚ್ಚುವುದೆಂದರೆ ಸ್ವಂತ ಮೀಸೆಯನ್ನು ಸಂತೆಯಲ್ಲಿ ಬೋಳಿಸಿಕೊಂಡಂತೆ. ಆದರೂ ಪಂಪಾಪತಿ ಎಲ್ಲವನ್ನೂ ಬಿಚ್ಚಿದ. ಡಬ್ಬಿಯಲ್ಲಿ ಬಂದ ಹಾಗೇ ಜೋಡಿಸಿ ಕಣದಲ್ಲಿ ಬಿಟ್ಟ. ಕಾರು ನಿಧಾನ, ಆದರೆ ಬುಗುರಿಯಂತೆ ತಿರುಗಲಿಲ್ಲ.

ದೊಡ್ಡ ಮೋಟರ್ ಒಂದನ್ನೇ ಹಾಕಿದ. ವೇಗ ಬಂತು, ತಿರುಗಲಿಲ್ಲ. ಇರಲಿ ಎಂದ. ಅಂಟಂಟು ಟೈರು ಹಾಕಿದ. ಅದು ಕಣದ ತೌಡನ್ನೆಲ್ಲ ಮೆತ್ತಿಕೊಂಡು ಉಂಡೆಯಾಯಿತು. ತೆಗೆದ. ಅಲ್ಯೂಮಿನಿಯಂ ಹಾಕಿದ. ಭಾರ ಹೆಚ್ಚಿತು, ಲಾಭ ಕಾಣಲಿಲ್ಲ. ತೆಗೆದ. ಕೊನೆಗೆ ಹಿಂದಿನ ಚಕ್ರಗಳಿಗೆ ಗಟ್ಟಿ ಸ್ಪ್ರಿಂಗು ಹಾಕಿದ. ಗಿರಗಿರ!

"ಸಿಕ್ಕಿ ನೋಡು ಮಗನ!" ಎಂದು ಪಂಪಾಪತಿ ಕಣದಲ್ಲೇ ಕುಣಿದ. ಆ ನುಣುಪು ನೆಲದಲ್ಲಿ ಹಿಂದಿನ ಸ್ಪ್ರಿಂಗು ಮೆತ್ತಗಿದ್ದರೆ ಮಾತ್ರ ಟೈರು ನೆಲ ಬಿಡುತ್ತಿರಲಿಲ್ಲ. ಡಬ್ಬಿಯಲ್ಲಿ ಬಂದ ಮೆತ್ತನೆಯ ಸ್ಪ್ರಿಂಗನ್ನೇ ಮತ್ತೆ ಕೂರಿಸಿದ.

ಪಂದ್ಯದ ದಿನ ಹುಲಿಗೆಮ್ಮ ಮೊದಲಿನಿಂದಲೂ ಮುಂದೆ. ಕೊನೆಯ ತಿರುವಿನಲ್ಲಿ ಅವಳ ಕಾರು ಕೊಂಚ ಹೊರಗಿನ ಅಂಚಿಗೆ ಸರಿಯಿತು. ಪಂಪಾಪತಿ ವೇಗ ತಗ್ಗಿಸಲಿಲ್ಲ. ತನ್ನ ಕಾರು ನೆಲ ಬಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಒಳಗಿನಿಂದ ನುಸುಳಿ, ಒಂದು ಗೇಣು ಮುಂದೆ ಗೆರೆ ದಾಟಿದ.

ಜನ ಮುತ್ತಿಕೊಂಡರು. "ಏನೇನು ಹೊಸಾದು ಹಾಕೀಯೋ ಪಂಪಣ್ಣಾ?"

"ಮೋಟರ್ ಒಂದ. ಉಳದಿದ್ದೆಲ್ಲಾ ತೆಗದೀನಿ."

ಯಾರೂ ನಂಬಲಿಲ್ಲ. ಜೀವನದಲ್ಲಿ ಮೊದಲ ಸಲ ಬಡಾಯಿಯಿಲ್ಲದೆ ಮಾತಾಡಿದ, ಅದನ್ನೇ ಸುಳ್ಳೆಂದರು. ಹುಲಿಗೆಮ್ಮ ಮಾತ್ರ ಬಗ್ಗಿ, ಕಾರಿನ ಹಿಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಚಲೋ ಮಾಡೀದಿ. ಆದ್ರ ಧಾರವಾಡದ ನೆಲ ಬ್ಯಾರೆ. ಅಲ್ಲಿ ಹೋಗಿ ಮತ್ತ ಮೊದಲಿಂದ ಶುರು ಮಾಡು."

"ನೀನೂ ಬಾ ಅಕ್ಕಾ."

"ಬರದ ಬಿಡ್ತೀನೇನ? ಅಲ್ಲಿ ನಿನ್ನ ಬೈಯಾಕ ಯಾರರ ಬೇಕಲ್ಲ!"

ನೀತಿ: ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ, ಸರಿ ಎಲ್ಲಿದೆಯೆಂದೂ ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿ.